ಮೂವತ್ತನಾಲ್ಕು ಖಣಗಳು

ಈ ವರ್ಷ ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ, ಟೌನ್‌ಶಿಪ್ಪಿನವರೆಲ್ಲ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವ ಮಂದಾಕಿನಿ ವಹಿನಿ ನಮ್ಮೆಲ್ಲರ ಫೋನಿಗೆ ಒಂದು ಸಂದೇಶ ಕಳಿಸಿದ್ದರು. ಈ ಸಲ ರೆಟ್ರೋ ಥೀಮ್, ಎಲ್ಲರೂ ಅಜ್ಜಿಯರ ಕಾಲದಂತೆ ಉಟ್ಟು ತೊಟ್ಟು ಬರಬೇಕು. ಖಣ, ಇಳಕಲ್ಲು, ನತ್ತು, ಹಣೆ ತುಂಬ ಕುಂಕುಮ. ನೈಟಿಯಲ್ಲಿ ಬಂದವರಿಗೆ ಎಳ್ಳುಂಡೆ ಸಿಗುವುದಿಲ್ಲ ಎಂದು ಕೊನೆಗೆ ನಗುವ ಮುಖ ಬೇರೆ.

ನಾನು ಎಂದಿನ ಹೂವಿನ ನೈಲಾನ್ ಸೀರೆ ಉಟ್ಟು ಹೋದೆ. ವಹಿನಿ ಬಾಗಿಲಲ್ಲೇ ನಿಲ್ಲಿಸಿದರು. ಅವರು ಮೈತುಂಬ ಖಣದ್ದೇ ಸೀರೆ ಉಟ್ಟಿದ್ದರು. ಖಣ ಎಂದರೆ ಕುಬಸದ, ರವಿಕೆಯ ಬಟ್ಟೆ. ನಮ್ಮ ಗುಳೇದಗುಡ್ಡದಲ್ಲಿ ಅದರ ಸೀರೆ ಉಟ್ಟವರನ್ನು ನಾನು ಕಂಡಿರಲಿಲ್ಲ. ಮಾಲೇಗಾಂವ್‌ನ ಪವರ್‌ಲೂಮಿನಲ್ಲಿ ಈಗ ಅದರ ನಕಲು ಮಾರುಗಟ್ಟಲೆ ಇಳಿಯುತ್ತದೆಯಂತೆ.

"ಹೇ ಕಾಯ್, ಇದೇನು ಗಿರಿಜಾ? ಖಣ ನಿಮ್ಮ ಕಡೆಯದೇ ಅಂತಾರೆ. ನಿನ್ನ ಹತ್ತಿರ ಒಂದೂ ಇಲ್ಲವಾ?"

"ಇಲ್ಲ ವಹಿನಿ" ಎಂದೆ.

ಅದು ಸುಳ್ಳು. ನಮ್ಮ ಮಂಚದ ಕೆಳಗಿನ ಟ್ರಂಕಿನಲ್ಲಿ ಮೂವತ್ತನಾಲ್ಕು ಖಣಗಳಿದ್ದವು. ಅವುಗಳಲ್ಲಿ ಒಂದನ್ನೂ ನಾನು ಹೊಲಿಸಿಕೊಂಡಿರಲಿಲ್ಲ.

ಎಲ್ಲವೂ ನಮ್ಮವ್ವ ಮಾಳವ್ವ ನನ್ನ ಉಡಿಗೆ ಹಾಕಿದ್ದವು. ನಮ್ಮ ಯಜಮಾನರಿಗೆ ನಾಶಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗಿ ಬಂದ ಮೇಲೆ ವರ್ಷಕ್ಕೊಮ್ಮೆಯೋ ಎರಡು ಸಲವೋ ತವರಿಗೆ ಹೋಗುತ್ತಿದ್ದೆ. ತಿರುಗಿ ಹೊರಡುವ ದಿನ ಬೆಳಿಗ್ಗೆ ಅವ್ವ ನನ್ನನ್ನು ಮಣೆಯ ಮೇಲೆ ಕೂಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ ಹಾಕಿ, ಮೇಲೊಂದು ಖಣ ಇಟ್ಟು ಗಂಟು ಬಿಗಿಯುತ್ತಿದ್ದಳು. ಅವಳದು ಮಗ್ಗದ ಮನೆಗೆ ನೂಲಿನ ಕಂಡಿಕೆ ಸುತ್ತಿ ಸವೆದ ಕೈ. ಅಂಗಡಿಯ ಖಣ ಅವಳಿಗೆ ಒಗ್ಗುತ್ತಿರಲಿಲ್ಲ. ನೇಕಾರರ ಓಣಿಗೆ ತಾನೇ ಹೋಗಿ, ಇಂಥ ಬಣ್ಣ, ಇಂಥ ಹೂವು ಎಂದು ಹೇಳಿ ನೇಯಿಸಿಕೊಂಡು ಬರುತ್ತಿದ್ದಳು. ಒಮ್ಮೆ ಸೂಜಿಮಲ್ಲಿಗೆ, ಒಮ್ಮೆ ಆನೆಹೆಜ್ಜೆ. ಮಗಳು ಅಪೂರ್ವ ನನ್ನ ಹೊಟ್ಟೆಯಲ್ಲಿದ್ದಾಗ ಹಸಿರು ಒಡಲಿಗೆ ಕೆಂಪು ಅಂಚು.

"ಹೋದಕೂಡ್ಲೆ ಹೊಲಿಸ್ಕೊ. ಪೆಟಗ್ಯಾಗ ಇಡಬ್ಯಾಡ. ತವರಮನಿ ಖಣ ಮೈಮ್ಯಾಲ ಇರಬೇಕವಾ" ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಮನೆಗೆ ಬಂದು ಟ್ರಂಕಿನಲ್ಲಿಡುತ್ತಿದ್ದೆ.

ಅದಕ್ಕೊಂದು ಕಾರಣವಿತ್ತು, ಈವರೆಗೆ ಯಾರಿಗೂ ಹೇಳಿಲ್ಲ. ಮದುವೆಯಾದ ಮೊದಲ ಸಂಕ್ರಾಂತಿಗೆ ಟೌನ್‌ಶಿಪ್ಪಿನ ಮನೆಯೊಂದರಲ್ಲಿ ಹಳದಿ-ಕುಂಕುಮ ಇತ್ತು. ಹೊಸ ಹುಡುಗಿಯನ್ನು ಕಳಿಸಿ ಎಂದು ಇವರ ಸ್ನೇಹಿತರೊಬ್ಬರು ಹೇಳಿದ್ದರು. ನಾನು ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಟ್ಟು, ಅವ್ವ ಮದುವೆಗೆ ಹೊಲಿಸಿದ್ದ ಖಣದ ಕುಬಸ ತೊಟ್ಟು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ಹೋದೆ. ಆ ದಿನಗಳಲ್ಲಿ ಹಿಂದಿನ ಬಯಲಿನಲ್ಲಿ ಹೊಸ ಕ್ವಾರ್ಟರ್ಸ್ ಕಟ್ಟುತ್ತಿದ್ದರು. ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಹೆಣ್ಣುಮಕ್ಕಳು ಇಟ್ಟಿಗೆ ಹೊರುತ್ತಿದ್ದರು. ಅವರದೂ ಇಳಕಲ್ ಸೀರೆ, ಅವರದೂ ಖಣದ ಕುಬಸ. ಬಾಗಿಲು ತೆರೆದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀರು ಹಿಂದಿನ ನಳದಲ್ಲಿ ಬರುತ್ತೆ ಬಾಯೀ, ಹಿಂದೆ ಹೋಗು" ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದಳು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಬಾಯಾರಿದವರಿಗೆ ದಾರಿ ತೋರಿಸುವಂತೆಯೇ ಹೇಳಿದಳು.

ನಾನು ಹಿಂದೆ ಹೋದೆ. ಬೊಗಸೆಯೊಡ್ಡಿ ಎರಡು ಗುಟುಕು ನೀರನ್ನೂ ಕುಡಿದೆ. ಅದೇಕೆ ಕುಡಿದೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಮನೆಗೆ ಬಂದು, ಅಲ್ಲಿ ಬಹಳ ಜನ ಇದ್ದರು ಎಂದು ಇವರಿಗೆ ಹೇಳಿದೆ. ಮುಂದಿನ ವಾರ ನಾಶಿಕದ ಮೇನ್ ರೋಡಿಗೆ ಹೋಗಿ ನಾಲ್ಕು ನೈಲಾನ್ ಸೀರೆ ಕೊಡಿಸಿಕೊಂಡೆ. ಅವನ್ನು ಉಟ್ಟು ಓಡಾಡತೊಡಗಿದ ಮೇಲೆ ಅದೇ ಹೆಂಗಸು ತಾನಾಗಿಯೇ ಮಾತನಾಡಿಸಿ, "ಹೊಸದಾಗಿ ಬಂದಿದ್ದೀರಾ? ಒಂದು ಸಲವೂ ನಮ್ಮ ಮನೆಗೆ ಬರಲಿಲ್ಲವಲ್ಲ" ಎಂದರು. ಅವರೇ ಮಂದಾಕಿನಿ ವಹಿನಿ. ಅಪೂರ್ವ ಹುಟ್ಟಿದಾಗ ನನಗೆ ಬಾಣಂತನ ಮಾಡಿದವರು, ಇವರಿಗೆ ಅಪಘಾತವಾದಾಗ ಹದಿನೈದು ದಿನ ಊಟದ ಡಬ್ಬಿ ಕಳಿಸಿದವರು. ಆ ದಿನದ್ದು ಅವರಿಗೆ ನೆನಪಿಲ್ಲ. ನಾನೂ ನೆನಪಿಸಿಲ್ಲ.

ಇಲ್ಲಿ ಉಡಿಗೆ ಓಟಿ ಎನ್ನುತ್ತಾರೆ, ಅದನ್ನು ತುಂಬುವಾಗಲೂ ಬ್ಲೌಸ್‌ಪೀಸ್ ಕೊಡುತ್ತಾರೆ. ಅದನ್ನು ಹೊಲಿಸಿಕೊಳ್ಳುವವರು ಕಡಿಮೆ. ವಹಿನಿ ಕೊಟ್ಟದ್ದು ಅಲಕಾಗೆ, ಅಲಕಾ ಕೊಟ್ಟದ್ದು ಅನುರಾಧಾಗೆ, ಹೀಗೆ ಮನೆಯಿಂದ ಮನೆಗೆ ತಿರುಗುತ್ತವೆ. ನಾನು ಕೊಟ್ಟ ನೇರಳೆ ಬಣ್ಣದ್ದೊಂದು ಎರಡು ವರ್ಷದ ಮೇಲೆ ನನ್ನ ಓಟಿಗೇ ಬಂದು ಬಿದ್ದಿತ್ತು, ಮಡಿಕೆಯೂ ಬಿಚ್ಚಿರಲಿಲ್ಲ. ಅಪೂರ್ವ ಚಿಕ್ಕವಳಿದ್ದಾಗ ಬಂದ ಪೀಸುಗಳನ್ನು ಅವಳ ಕೈಯಲ್ಲೇ ಕೊಟ್ಟು, "ಇವನ್ನ ಕೊಡೂ ಡಬ್ಬ್ಯಾಗ ಇಡು" ಎನ್ನುತ್ತಿದ್ದೆ. ತವರಿನ ಖಣ ಬೇರೆ, ಅದು ಕೊಡುವ ಡಬ್ಬಿಯದಲ್ಲ ಎಂದು ಅವಳಿಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕಾದರೆ ಟ್ರಂಕು ತೆರೆಯಬೇಕಿತ್ತು.

ಅವ್ವ ಹೋಗಿ ಆರು ವರ್ಷವಾಯಿತು.

ಹಳದಿ-ಕುಂಕುಮದ ಮರುದಿನ ಮಧ್ಯಾಹ್ನ ಅಪೂರ್ವ ಮನೆಯಲ್ಲಿದ್ದಳು. ಅವಳು ಸಂಭಾಜಿನಗರದಲ್ಲಿ ಬಟ್ಟೆ ವಿನ್ಯಾಸ ಓದಿ ಅಲ್ಲೇ ಒಂದು ಶೋರೂಮಿನಲ್ಲಿ ಕೆಲಸ ಮಾಡುತ್ತಾಳೆ. ಹಬ್ಬಕ್ಕೆ ರಜೆ ಹಾಕಿ ಬಂದಿದ್ದಳು. ಅವಳು ನನ್ನೊಡನೆ ಮಾತಾಡುವುದು ಮರಾಠಿಯಲ್ಲಿ, ನಾನು ಕನ್ನಡದಲ್ಲಿ. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ನಾಲಿಗೆ ಮಾತ್ರ ತಿರುಗುವುದಿಲ್ಲ. ವಹಿನಿಯ ಮನೆಯ ಫೋಟೋಗಳನ್ನು ಫೋನಿನಲ್ಲಿ ನೋಡುತ್ತ, "ಎಲ್ಲಾ ನಕಲಿ ಮಮ್ಮಿ. ನಿಜವಾದ ಗುಳೇದಗುಡ್ಡ ಖಣ ಇವರು ಕಣ್ಣಲ್ಲೂ ನೋಡಿಲ್ಲ. ನಾನು ಎಷ್ಟು ಹುಡುಕುತ್ತಿದ್ದೇನೆ ಗೊತ್ತಾ, ಹಳೆಯದು, ಕೈಮಗ್ಗದ್ದು" ಎಂದಳು.

ಅವಳ ಬಾಯಲ್ಲಿ ಗುಳೇದಗುಡ್ಡ ಎಂಬ ಹೆಸರು ಅಷ್ಟು ಆಸೆಯಿಂದ ಬಂದದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಅಲ್ಲಿಗೆ ಕರೆದರೆ ಹೊಟ್ಟೆನೋವು ಎನ್ನುತ್ತಿದ್ದ ಹುಡುಗಿ. ನನಗೆ ತಡೆಯಲಾಗಲಿಲ್ಲ. ಕುಕ್ಕರನ್ನು ಇಳಿಸಿ, ಕೈ ಒರೆಸಿಕೊಂಡು ಬಂದು, ಮಂಚದ ಕೆಳಗಿನಿಂದ ಟ್ರಂಕು ಎಳೆದೆ.

ಅವಳು ನೆಲದ ಮೇಲೆ ಕೂತು ಒಂದೊಂದನ್ನೇ ತೆಗೆದಳು. ಬೆಳಕಿಗೆ ಹಿಡಿದಳು. ಕೆನ್ನೆಗೆ ಒತ್ತಿಕೊಂಡಳು. "ಮಮ್ಮೀ, ಇದು ಸೂಜಿಮಲ್ಲಿಗೆ ಅಲ್ಲವಾ? ಪುಸ್ತಕದಲ್ಲಿ ನೋಡಿದ್ದೇನೆ! ಮೂವತ್ತನಾಲ್ಕು ಇವೆ! ಇಷ್ಟು ವರ್ಷ ನೀನು ಇವುಗಳ ಮೇಲೆ ಮಲಗಿದ್ದೆಯಾ?"

"ನಿಮ್ಮಜ್ಜಿ ಕೊಟ್ಟಿದ್ದು."

"ನನಗೆ ಕೊಡ್ತೀಯಾ?"

ಕೇಳಿದ ರೀತಿ ನೋಡಬೇಕಿತ್ತು. ಗೊಂಬೆ ಕೇಳುವಾಗ ಹೀಗೆಯೇ ತಲೆಯನ್ನು ಒಂದು ಕಡೆಗೆ ವಾಲಿಸುತ್ತಿದ್ದಳು. ನಾನು ಆಗ ಒಂದು ತಪ್ಪು ಮಾಡಿದೆ. ತಗೋ ಎಂದು ಚೀಲಕ್ಕೆ ತುಂಬಿ ಕೊಡಬಹುದಿತ್ತು, ಕೊಡಲಿಲ್ಲ. ಮದುವೆಯಾಗದ ಹುಡುಗಿಗೆ ಹೀಗೆ ಉಡಿ ತುಂಬುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಅವಳನ್ನು ಮಣೆಯ ಮೇಲೆ ಕೂಡಿಸಿದೆ. ಜೀನ್ಸ್ ತೊಟ್ಟವಳಿಗೆ ಸೆರಗೆಲ್ಲಿಯದು, ನನ್ನ ಹಳೆಯ ಓಢಣಿಯನ್ನು ಮಡಿಲ ಮೇಲೆ ಹಾಸಿದೆ. ಅಕ್ಕಿ, ಕೊಬ್ಬರಿ, ಅರಿಶಿನ, ಮೇಲೆ ಮೂವತ್ತನಾಲ್ಕೂ ಖಣ. ಗಂಟು ಕಟ್ಟಲು ಬರಲಿಲ್ಲ, ಅಷ್ಟು ಎತ್ತರ. ಇಬ್ಬರೂ ನಕ್ಕೆವು. ಅವಳು ಮೊದಲು ಫೋಟೋ ತೆಗೆದು ಆಮೇಲೆ ನನ್ನ ಕಾಲಿಗೆ ನಮಸ್ಕರಿಸಿದಳು.

ಉಡಿಗೆ ಹಾಕಿದ್ದನ್ನು ಮರಳಿ ಕೇಳಬಾರದು. ಅದನ್ನು ಮಾರಲೂಬಾರದು. ಎರಡನೆಯದನ್ನು ನಾನು ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೂ ಇಲ್ಲ. ಮೀನಿನ ಮರಿಗೆ ಯಾರಾದರೂ ಈಜು ಹೇಳಿಕೊಡುತ್ತಾರೆಯೇ? ಅವಳು ಬೇರೆ ನೀರಿನಲ್ಲಿ ಬೆಳೆದ ಮೀನು ಎಂಬುದನ್ನು ನಾನು ಮರೆತಿದ್ದೆ. ಅವಳು ಹೊಲಿಸಿಕೊಂಡು ತೊಡುತ್ತಾಳೆ, ನಾನು ತೊಡದ ಮೂವತ್ತನಾಲ್ಕನ್ನೂ ಒಂದೊಂದಾಗಿ ತೊಡುತ್ತಾಳೆ ಎಂದುಕೊಂಡು ಆ ವಾರವೆಲ್ಲ ಹಗುರವಾಗಿದ್ದೆ. ಒಗ್ಗರಣೆ ಹಾಕುವಾಗ ಅವ್ವನಿಗೆ ಮನಸ್ಸಿನಲ್ಲೇ, ನೋಡು, ಕಡೆಗೂ ಮೈಮೇಲೆ ಬಂತು ಎಂದು ಹೇಳಿದ್ದೂ ಉಂಟು.

ಫೆಬ್ರವರಿ ಕೊನೆಯ ಶನಿವಾರ ಮಂದಾಕಿನಿ ವಹಿನಿ ಫೋನು ಹಿಡಿದುಕೊಂಡೇ ಬಂದರು. "ಅಪೂರ್ವ ಫೇಮಸ್ ಆಗಿಬಿಟ್ಟಳಲ್ಲೇ! ನಮಗೆ ಹೇಳಲೂ ಇಲ್ಲ."

ನೋಡಿದೆ. 'ಆಜೀಚೀ ಪೇಟೀ', ಅಂದರೆ ಅಜ್ಜಿಯ ಪೆಟ್ಟಿಗೆ, ಎಂದು ಹೆಸರು. ನಾಳೆ ಭಾನುವಾರ ನಾಲ್ಕು ಗಂಟೆಗೆ ಸಂಭಾಜಿನಗರದ ಒಂದು ಸಭಾಭವನದಲ್ಲಿ ಪ್ರದರ್ಶನ ಮತ್ತು ಮಾರಾಟ. ಕೆಳಗೆ ಚಿತ್ರಗಳು. ಡೆನಿಮ್ ಜಾಕೀಟಿನ ಬೆನ್ನಿಗೆ ಆನೆಹೆಜ್ಜೆ. ಕೈಚೀಲಕ್ಕೆ ಸೂಜಿಮಲ್ಲಿಗೆ. ಲ್ಯಾಪ್‌ಟಾಪ್ ಇಡುವ ಕವರಿಗೆ, ಇವರ ಅಪಘಾತದ ವರ್ಷ ಅವ್ವ ಉಡಿಗೆ ಹಾಕಿದ್ದ ಕೆಂಪು ಖಣ. ಅದರ ಅಂಚನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ.

"ಎಷ್ಟು ಚೆಂದ ಅಲ್ಲವಾ? ನಿನ್ನ ಹತ್ತಿರ ಒಂದೂ ಇಲ್ಲ ಅಂದಿದ್ದೆಯಲ್ಲ, ಕಳ್ಳಿ!" ಎಂದು ವಹಿನಿ ನನ್ನ ತೋಳು ಹಿಂಡಿದರು.

ಅಪೂರ್ವಳಿಗೆ ಐದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಒಂದು ಸಾಲು ಬಂತು. ತುಂಬಾ ಕೆಲಸ ಮಮ್ಮಿ, ಸೋಮವಾರ ಮಾತಾಡೋಣ, ಲವ್ ಯೂ.

"ನಾ ನಾಳೆ ಹೋಗ್ತೀನಿ" ಎಂದೆ ಇವರಿಗೆ.

"ಔರಂಗಾಬಾದಿಗೆ?" ಊರಿನ ಹೆಸರು ಬದಲಾದದ್ದು ಇವರ ಬಾಯಿಗೆ ಇನ್ನೂ ಗೊತ್ತಿಲ್ಲ. "ಉಡಿಗಿ ಹಾಕಿದಾಕಿ ನೀನs. ಈಗ ಹ್ಯಾಂಗ ಕೇಳ್ತಿ? ಬಟ್ಟಿ ಹೋದ್ರ ಹೋತು ಬಿಡು. ಹುಡುಗಿ ಏನೋ ಮಾಡ್ಲಿಕ್ಕತ್ತಾಳ."

"ಎಲ್ಲಾ ಕೇಳೂದಿಲ್ಲ. ಒಂದs ಒಂದು. ಹಸಿರು ಖಣ."

ಬೆಳಿಗ್ಗೆ ನಾನು ಚಪಾತಿ ಮಾಡಿಟ್ಟು ಹೊರಡುವಾಗ ಇವರೇ ನಾಶಿಕದ ಬಸ್ ಸ್ಟ್ಯಾಂಡಿನವರೆಗೂ ಬಂದು ಕೂಡಿಸಿ ಹೋದರು.

ಯೇವಲಾ ದಾಟಿ, ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಕಿಟಕಿಯ ಹೊರಗೆ ಈರುಳ್ಳಿ ಚೀಲಗಳ ರಾಶಿ. ಕೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಉಡಿಗೆ ಹಾಕಿದ್ದನ್ನು ಕೇಳುವುದು ಕೊಟ್ಟ ಆಶೀರ್ವಾದವನ್ನು ಹಿಂದಕ್ಕೆ ಪಡೆದಂತೆ. ಆದರೆ ಹಸಿರು ಖಣ ಅವಳದೇ ಅಲ್ಲವೇ, ಅವಳು ಹೊಟ್ಟೆಯಲ್ಲಿದ್ದಾಗ ಬಂದದ್ದು, ಅದನ್ನು ಮಾರಬೇಡ ನೀನೇ ಇಟ್ಟುಕೋ ಎಂದರೆ ಕೇಳಿದಂತಾಗುವುದಿಲ್ಲ. ಹೀಗೆ ಹೇಳಿದರೆ ಸರಿ ಎನ್ನಿಸಿತು. ಅಷ್ಟು ಉಳಿದರೆ ಸಾಕು. ಅವ್ವನ ಎದುರು ನಿಲ್ಲಲು ಅಷ್ಟು ಸಾಕು.

ಅಪೂರ್ವಳ ಬಾಡಿಗೆ ಕೋಣೆ ಬೀಗ ಹಾಕಿತ್ತು. ಅದರ ಕೆಳಗೇ ಅವಳು ಬಟ್ಟೆ ಹೊಲಿಸುವ ಅಂಗಡಿ. ಬಿಳಿಗಡ್ಡದ ಟೇಲರ್ ಭಾನುವಾರವೂ ಮಶೀನಿನ ಮುಂದೆ ಕೂತಿದ್ದರು. ಗೋಡೆಗೆ ಮಹಿಬೂಬ ಟೇಲರ್ಸ್ ಎಂಬ ಹಲಗೆ. ಅಪೂರ್ವ ಎಲ್ಲಿ ಎಂದು ನಾನು ಮರಾಠಿಯಲ್ಲಿ ಕೇಳಿದೆ, ಅವರು ನನ್ನ ಮುಖ ನೋಡಿ ಕನ್ನಡದಲ್ಲಿ ಉತ್ತರಿಸಿದರು.

"ಅಪೂರ್ವ ಮೇಡಮ್ಮರ ತಾಯಿ ಏನ್ರಿ? ಬರ್ರಿ ಅಕ್ಕಾರ, ಕೂಡ್ರಿ. ನಾವು ಇಂಡಿ ತಾಲೂಕಿನವ್ರು. ಮೇಡಮ್ಮರು ಪ್ರದರ್ಶನದ ಹಾಲ್‌ಗೆ ಹೋಗ್ಯಾರ್ರಿ."

"ಅಣ್ಣಾರ, ಆ ಖಣ ಎಲ್ಲಾ ಕತ್ತರಿಸೀರೇನ್ರಿ?"

ಅವರು ಮಶೀನಿನಿಂದ ಕಾಲು ತೆಗೆದರು. "ಕತ್ತರಿ ಹಾಕೂ ಮುಂದ ಕೇಳಿದ್ನಿರಿ. ಮಡಿಕ್ಯಾಗ ಅರಿಷಿಣ ಹತ್ತಿತ್ತು. ಒಂದೆರಡರಾಗ ಅಕ್ಕಿಕಾಳು ಸೈತ ಇದ್ದವು. ಇವು ಉಡಿ ಖಣ ಅದಾವ ಮೇಡಂ, ಮನ್ಯಾಗ ಕೇಳೀರೇನು ಅಂದ್ನಿ. 'ಹಾ ಚಾಚಾ, ಓಟಿ ಪೀಸ್, ಮಮ್ಮಿನೇ ಕೊಟ್ಟದ್ದು' ಅಂದ್ರು. ತಾಯಿನs ಕೊಟ್ಟಾರಂದ ಮ್ಯಾಲ ನಾ ಏನ್ ಅನ್ಲಿರಿ? ಕತ್ತರಿ ಹಾಕೂವಾಗ ಕೈ ತಡೀತು, ಖರೇ ಹೇಳ್ತೀನಿ. ಆದ್ರ ಹೊಲಿಯಾಂವಗ ಕತ್ತರಿ ಬಿಟ್ರ ಏನೈತ್ರಿ."

"ಒಂದೂ ಇಡೀ ಉಳದಿಲ್ಲೇನ್ರಿ?"

"ಒಂದನ್ನ ಮೇಡಮ್ಮರು ತಮಗ ಬ್ಲೌಸ್ ಹೊಲಿಸ್ಕೊಂಡ್ರು. ನೀಲಿದು."

"ಹಸಿರು?"

ಅವರು ನೆನಪಿಸಿಕೊಳ್ಳಲು ನೋಡಿದರು. ತಲೆಯಾಡಿಸಿದರು. "ಅದು ನನ್ನ ಕಡೆ ಬರಲಿಲ್ರಿ ಅಕ್ಕಾರ. ಅವರ ಹತ್ರನs ಇರಬೇಕು."

ಆಟೋದಲ್ಲಿ ಸಭಾಭವನದವರೆಗೂ ಆ ಒಂದು ಮಾತನ್ನೇ ಹಿಡಿದುಕೊಂಡಿದ್ದೆ. ಅವರ ಹತ್ತಿರವೇ ಇರಬೇಕು.

ಸಭಾಭವನದ ತುಂಬ ಹುಡುಗಿಯರಿದ್ದರು. ಎಲ್ಲರೂ ಅಜ್ಜಿಯರಂತೆ ಸಿಂಗರಿಸಿಕೊಂಡವರು, ಎಲ್ಲರೂ ಇಪ್ಪತ್ತೈದರ ಆಸುಪಾಸಿನವರು. ನತ್ತಿನ ಮುತ್ತು ತುಟಿಗೆ ತಾಗಿ ಮಾತಾಡಲು ಬಾರದೆ ಒಬ್ಬಳು ಅದನ್ನು ಎತ್ತಿ ಹಿಡಿದು ಪಾನಿಪುರಿ ತಿನ್ನುತ್ತಿದ್ದಳು. ನನ್ನ ವಯಸ್ಸಿನವರೂ ಇದ್ದರು, ಆದರೆ ನನ್ನಂತೆ ಉಟ್ಟವರು ಯಾರೂ ಇರಲಿಲ್ಲ. ಅಜ್ಜಿಯ ಸೀರೆ ಅಂದರೆ ರೆಟ್ರೋ. ತಾಯಿಯ ಸೀರೆ ಬರೀ ಹಳೆಯದು.

ಬಾಗಿಲ ಬಳಿ ದೊಡ್ಡ ಹಲಗೆ. ಮರಾಠಿ ಓದಲು ನನಗೆ ಚೆನ್ನಾಗಿ ಬರುತ್ತದೆ. "ನನ್ನ ಆಜಿ ಮಾಳವ್ವ ಕರ್ನಾಟಕದ ನೇಕಾರ ಹೆಣ್ಣು. ತಾರುಣ್ಯದಲ್ಲಿ ಈ ಖಣಗಳನ್ನು ತೊಟ್ಟು ಮೆರೆದವಳು. ಮರೆತುಹೋದ ಅವಳ ಪೆಟ್ಟಿಗೆಯಿಂದ ಇವನ್ನು ನಾನು ಉಳಿಸಿ ತಂದಿದ್ದೇನೆ. ಆಜಿಯಿಂದ ನನಗೆ, ನನ್ನಿಂದ ನಿಮಗೆ." ಎರಡು ಸಲ ಓದಿದೆ. ಆಜಿಯಿಂದ ನೇರವಾಗಿ ಅವಳಿಗೆ ಹೋಗಿತ್ತು. ನಡುವೆ ಯಾರೂ ಇರಲಿಲ್ಲ. ಅದರಲ್ಲಿ ಸುಳ್ಳೇನಿದೆ ಎಂದು ಯೋಚಿಸಿದೆ. ನಡುವೆ ಇದ್ದವಳು ಎಂದಾದರೂ ತೊಟ್ಟಿದ್ದರೆ ಅಲ್ಲವೇ ಬರೆಯುವುದು.

"ಮಮ್ಮೀ!"

ಅಪೂರ್ವ ಓಡಿ ಬಂದು ತಬ್ಬಿಕೊಂಡಳು. ನೀಲಿ ಖಣದ ಬ್ಲೌಸು, ಕಪ್ಪು ಸೀರೆ, ಮೂಗಿಗೆ ನತ್ತು. ಭುಜ, ಕತ್ತು, ನಗುವಾಗ ಮೇಲೇಳುವ ಹುಬ್ಬು, ಎಲ್ಲ ಅವ್ವನದೇ.

"ಹೇಳದೇ ಬಂದೆಯಲ್ಲ! ಸರ್ಪ್ರೈಸಾ? ನೋಡು, ಅರ್ಧ ಖಾಲಿಯಾಗಿದೆ, ಒಂದೇ ತಾಸಿನಲ್ಲಿ!"

"ಅಪ್ಪೂ, ಹಸಿರು ಖಣ ಎಲ್ಲೈತಿ?" ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ಯಾವುದು? ಓ, ಕೆಂಪು ಅಂಚಿನದಾ? ಅದು ಮಡಿಕೆಯಲ್ಲೇ ಜೀರ್ಣವಾಗಿ ಹರಿದಿತ್ತು ಮಮ್ಮಿ, ಏನಕ್ಕೂ ಬರುವ ಹಾಗಿರಲಿಲ್ಲ. ಚೂರು ಮಾಡಿ ಕಿವಿಯೋಲೆ ಮಾಡಿಸಿದೆ. ಹದಿನೆಂಟು ಜೊತೆ ಬಂತು. ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅವೇ!" ಎಂದು ಸುತ್ತ ನೋಡಿ, ದೂರದ ಹುಡುಗಿಯೊಬ್ಬಳನ್ನು ತೋರಿಸಿದಳು. "ಅಗೋ, ಅವಳ ಕಿವಿಯಲ್ಲಿದೆ ನೋಡು."

ಬಟನ್ನಿನಷ್ಟು ಹಸಿರು. ಆ ಹುಡುಗಿ ಯಾರೊಡನೆಯೋ ನಗುತ್ತಿದ್ದಳು, ಹಸಿರು ಅಲ್ಲಾಡುತ್ತಿತ್ತು.

ನಾನು ಹತ್ತಿರದ ಕುರ್ಚಿಯಲ್ಲಿ ಕೂತೆ. ಅಪೂರ್ವ ಬಗ್ಗಿ ನೀರು ಕೊಟ್ಟಳು. ನಾನು ಹೇಳಿದೆ. ಉಡಿ ಖಣ ಎಂದರೇನು, ಅದನ್ನು ಮಾರುವುದಿಲ್ಲ, ಕತ್ತರಿಸಿದರೂ ಮೈಗೆ ಹೊಲಿಸಿಕೊಳ್ಳಲು ಮಾತ್ರ ಎಂದು ಹೇಳಿದೆ. ಮೂವತ್ತನಾಲ್ಕು ಸಲ ಅವ್ವನನ್ನು ಬಿಟ್ಟು ಬಂದದ್ದು ಆ ಟ್ರಂಕಿನಲ್ಲಿತ್ತು ಎಂದೆ. ದನಿ ಏರಿಸಲಿಲ್ಲ, ಸುತ್ತ ಜನರಿದ್ದರು. ಅವಳ ಮುಖ ಮೊದಲು ಅರ್ಥವಾಗದೆ ಗಂಟಿಕ್ಕಿತು, ಆಮೇಲೆ ಬಿಳಿಚಿತು.

"ಓಟಿಯದನ್ನು ಯಾರು ಹೊಲಿಸುತ್ತಾರೆ ಮಮ್ಮಿ? ಕೊಡುವ ಡಬ್ಬಿಯಲ್ಲಿಡು ಅಂತ ನೀನೇ ಹೇಳುತ್ತಿದ್ದೆ."

"ಅದು ಬ್ಯಾರೆ."

"ಯಾವಾಗ ಹೇಳಿದೆ ಬೇರೆ ಅಂತ?" ಅವಳ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. "ಅಷ್ಟು ದೊಡ್ಡದಾಗಿದ್ದರೆ ನೀನು ಒಂದನ್ನಾದರೂ ಯಾಕೆ ತೊಡಲಿಲ್ಲ? ಶಾಲೆಯಲ್ಲಿ ನನ್ನನ್ನು ಮದ್ರಾಸಿ ಅನ್ನುತ್ತಿದ್ದರು. ಗುಳೇದಗುಡ್ಡಕ್ಕೆ ಹೋದರೆ ಮಾಮಾನ ಮಕ್ಕಳು ಮರಾಠಿ ಹುಡುಗಿ ಬಂದಳು ಅಂತ ನಗುತ್ತಿದ್ದರು. ನಾನು ಯಾರು ಅಂತ ನಿನ್ನನ್ನು ಕೇಳಿದರೆ, ಎಲ್ಲರ ಹಂಗs ಇರು, ಸುಮ್ಮನs ಇರು ಅಂತಿದ್ದೆ. ಇದನ್ನು ತೊಟ್ಟ ದಿನ ಮೊದಲ ಸಲ ನನಗೆ ನಾನು ಯಾರೋ ಅನ್ನಿಸಿತು. ಜನ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇದೆ. ನೀನು ಮಂಚದ ಕೆಳಗೆ ಕೊಳೆಯಲು ಬಿಟ್ಟಿದ್ದೆ ಮಮ್ಮಿ. ಹಸಿರು ಹರಿದದ್ದು ನನ್ನ ಕೈಯಲ್ಲಲ್ಲ."

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಆ ಉತ್ತರವನ್ನು ನಾನು ಅವಳಿಗೆ ಐದನೆಯ ವಯಸ್ಸಿನಲ್ಲಿ ಕೊಡಬಹುದಿತ್ತು, ಬರೀ ಒಂದು ಕುಬಸ ತೊಟ್ಟು. ಹಿಂದಿನ ನಳದ ಕಥೆ ಹೇಳಲು ಬಾಯಿ ತೆರೆದೆ. ಆದರೆ ಅವಳು ಮಂದಾಕಿನಿ ವಹಿನಿಯನ್ನು ಎರಡನೆಯ ತಾಯಿ ಎನ್ನುತ್ತಾಳೆ. ಅದನ್ನೂ ಹರಿದು ಏನು ಮಾಡಲಿ. ಅವಳು ಕೊಟ್ಟ ನೀರನ್ನು ಕುಡಿದೆ.

ಅವಳೇ ಕಣ್ಣು ಒರೆಸಿಕೊಂಡಳು, ಕಾಡಿಗೆ ಹರಡದಂತೆ ಬೆರಳ ತುದಿಯಿಂದ. ನನ್ನ ಕೆನ್ನೆ ಸವರಿದಳು. "ಸಾರಿ ಮಮ್ಮಿ. ಬಂದಿದ್ದೀಯಲ್ಲ, ಒಂದು ಕೆಲಸ ಮಾಡು. ಒಂದನ್ನು ತೊಟ್ಟುಕೋ. ಇಬ್ಬರೂ ವಿಡಿಯೋ ಮಾಡೋಣ. ಹಲಗೆಯಲ್ಲೂ ನಿನ್ನ ಹೆಸರು ಸೇರಿಸುತ್ತೇನೆ, ಪ್ರಾಮಿಸ್."

ಮಾರಲು ಇಟ್ಟಿದ್ದ ಕೆಂಪು ಬ್ಲೌಸೊಂದನ್ನು ತಂದಳು. ಪರದೆಯ ಹಿಂದೆ ಹೋಗಿ ತೊಡಲು ನೋಡಿದೆ. ಇಪ್ಪತ್ತರ ಹುಡುಗಿಯರ ಅಳತೆ. ತೋಳು ಹೇಗೋ ಏರಿತು, ಬೆನ್ನಿನ ಹುಕ್ಕು ಒಂದು ಗೇಣು ದೂರವೇ ನಿಂತಿತು. ಅಪೂರ್ವ ಒಳಗೆ ಬಂದು ಹಿಂದಿನಿಂದ ಬಟ್ಟೆ ಒಣಗಿಸುವ ಚಿಮಟಿಗಳನ್ನು ಸಿಕ್ಕಿಸಿ, ನನ್ನ ನೈಲಾನ್ ಸೀರೆಯ ಮೇಲೆ ಒಂದು ಇಳಕಲ್ ಸೆರಗನ್ನು ಹೊದಿಸಿದಳು. "ಮುಂದಿನಿಂದ ಪರ್ಫೆಕ್ಟ್. ಯಾರಿಗೂ ಗೊತ್ತಾಗಲ್ಲ. ಬೆನ್ನು ತಿರುಗಿಸಬೇಡ ಅಷ್ಟೇ." ಕನ್ನಡಿಯಲ್ಲಿ ಒಬ್ಬ ಹೆಂಗಸಿದ್ದಳು. ನಾನು ಆಗಬೇಕಾಗಿದ್ದವಳು. ಬೆನ್ನು ಬತ್ತಲೆ, ಚಿಮಟಿಗಳ ಕಬ್ಬಿಣ ತಣ್ಣಗೆ ಚುಚ್ಚುತ್ತಿತ್ತು.

ಹುಡುಗಿಯರು ಸುತ್ತ ನೆರೆದರು. ಅಪೂರ್ವ ಫೋನು ಎತ್ತಿ ಹಿಡಿದಳು. "ನಿನ್ನ ಭಾಷೆಯಲ್ಲೇ ಏನಾದರೂ ಹೇಳು ಮಮ್ಮಿ. ಏನು ಹೇಳಿದರೂ ನಡೆಯುತ್ತೆ. ಜನರಿಗೆ ಇಷ್ಟ ಆಗುತ್ತೆ."

ಮಾತು ತಾನಾಗಿಯೇ ಬಂತು.

"ಇವು ನಮ್ಮವ್ವ ನನ್ನ ಉಡ್ಯಾಗ ಹಾಕಿದ್ದ ಖಣ. ಮೂವತ್ನಾಕು. ನಾ ಒಂದೂ ತೊಡಲಿಲ್ಲ. ತೊಟ್ರ ಕೂಲಿಯಾಕಿ ಅಂತಾರಂತ ಅಂಜಿದ್ನಿ. ಮಗಳಿಗೂ ಹೇಳಲಿಲ್ಲ. ಇವತ್ತು ಒಂದರೆ ಕೇಳೂಣಂತ ಬಂದಿದ್ನಿ, ಒಂದೂ ಉಳದಿಲ್ಲ. ಅವ್ವಾ, ನಂದು ತಪ್ಪಾತು. ನೀ ಕೊಟ್ಟಿದ್ದನ್ನೂ ಇಟ್ಕೊಳ್ಳಲಿಲ್ಲ, ಈಕಿಗೂ ಏನೂ ಕೊಡಲಿಲ್ಲ."

"ಕಿತೀ ಗೋಡ್!" ಎಂದಳು ಯಾರೋ. ಎಷ್ಟು ಮುದ್ದಾಗಿ ಹೇಳಿದರು ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಪೂರ್ವ ಮಾತ್ರ ತಟ್ಟಲಿಲ್ಲ. ಫೋನು ಹಿಡಿದ ಕೈ ಎದೆಯವರೆಗೆ ಇಳಿದಿತ್ತು. ಪ್ರತಿ ಮಾತೂ ಅವಳಿಗೆ ಅರ್ಥವಾಗಿತ್ತು. ಮಗುವಾಗಿದ್ದಾಗ ಜ್ವರದಲ್ಲಿ ಹೀಗೆ ನೋಡುತ್ತಿದ್ದಳು.

"ನಿನ್ನ ಮಮ್ಮಿ ಏನಂದರು?" ಎಂದು ಪಕ್ಕದ ಹುಡುಗಿ ಕೇಳಿದಳು.

"ಆಜಿಯ ನೆನಪಾಯಿತಂತೆ" ಎಂದಳು ಅಪೂರ್ವ.

ಹಿಂದೆ ಇನ್ನೂ ಜನ ಒಳಗೆ ಬರುತ್ತಿದ್ದರು. ಅವಳು ಅವರತ್ತ ನೋಡಿದಳು, ನನ್ನತ್ತ ನೋಡಿದಳು. ಮೂಗು ಎಳೆದುಕೊಂಡಳು. ಎರಡು ಹೆಜ್ಜೆ ಹತ್ತಿರ ಬಂದು, ನನಗಷ್ಟೇ ಕೇಳುವಂತೆ, ತನಗೆ ಬಾರದ ಕನ್ನಡದಲ್ಲಿ ಒಂದೊಂದೇ ಪದ ಹುಡುಕಿ ಹೇಳಿದಳು.

"ಮಮ್ಮಿ... ಇನ್ನೊಮ್ಮೆ. ಇನ್ನೊಮ್ಮೆ ಹೇಳು. ಈಗ... ನಗು."

ಅವಳು ನನ್ನೊಡನೆ ಕನ್ನಡ ಆಡಿದ್ದು ಎಷ್ಟು ವರ್ಷದ ಮೇಲೋ. ನಾನು ಸೆರಗು ಸರಿಮಾಡಿಕೊಂಡೆ, ಬೆನ್ನು ಗೋಡೆಯ ಕಡೆಗೇ ಇರುವಂತೆ ನೋಡಿಕೊಂಡೆ. ನಕ್ಕೆ.

"ಇದು ನಮ್ಮ ಗುಳೇದಗುಡ್ಡದ ಖಣ" ಎಂದೆ. "ನಮ್ಮವ್ವ ತೊಡತಿದ್ಲು. ನಾನೂ ದಿನಾ ಇದನ್ನs ತೊಡತಿದ್ನಿ. ಈಗ ನನ್ನ ಮಗಳು ತೊಡತಾಳ."

ಈ ಸಲದ ವಿಡಿಯೋ ಚೆನ್ನಾಗಿ ಬಂತು.